ಶೇಂಗಾ ಒಳಗಿದ್ದ ಇನ್ನೊಂದು ನಾಯಿ

ನಮ್ಮ ಮನೆಯ ಪಡಸಾಲೆಗೆ ಶಹಾಬಾದ ಫರಸಿ ಹಾಸಿದೆ. ಬೂದು ಬಣ್ಣದ ಕಲ್ಲು. ಕಲಬುರಗಿಯ ಏಪ್ರಿಲ್ ಬಿಸಿಲಲ್ಲೂ ಅಂಗಾಲಿಗೆ ತಂಪು. ಆದರೆ ಅದರ ಮೇಲೆ ರಕ್ತದ ಹನಿ ಬಿದ್ದರೆ ಮುಚ್ಚಿಡೋಕೆ ಆಗಲ್ಲ. ಶೇಂಗಾ ಬಂದ ಮೊದಲ ದಿನ ತಲಬಾಗಿಲಿಂದ ಹಿತ್ತಲವರೆಗೆ ಗೇಣಿಗೊಂದು ಹನಿ ಬಿದ್ದಿತ್ತು. ಅವ್ವ ಆ ಹನಿಗಳನ್ನು ನೋಡಿದಳು, ನಾಯಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇದಕ್ಕ ಏನಾಗ್ಯದ?"

"ಕ್ಯಾನ್ಸರ್."

"ಮತ್ತ ಮನಿಗ್ಯಾಕ ತಂದಿ?"

ಕೇಳಬೇಕಾದ ಮಾತೇ. ಸೇಡಂ ರಸ್ತೆಯ ಒಂದು ಗ್ಯಾರೇಜಿನ ಹಿಂದೆ, ಹಳೇ ಟೈರುಗಳ ನಡುವೆ ಮಲಗಿರುತ್ತಿದ್ದ ನಾಯಿ ಇದು. ಮೈಬಣ್ಣ ಹುರಿದ ಶೇಂಗಾದ್ದು, ಹೆಸರೂ ಅದೇ ಆಯ್ತು. ಗ್ಯಾರೇಜಿನವರು ದಿನಾ ಬನ್ ಹಾಕುತ್ತಿದ್ದರು. ರಕ್ತ ಕಂಡಾಗ "ಹೀಟಿಗೆ ಬಂದದ ಬಿಡ್ರಿ" ಅಂದುಕೊಂಡು ಸುಮ್ಮನಾದರು. ಬೆದೆಯ ರಕ್ತ ಎರಡು ಮೂರು ವಾರಕ್ಕೆ ನಿಲ್ಲುತ್ತದೆ. ಇದು ಮೂರು ತಿಂಗಳಾದರೂ ನಿಲ್ಲಲಿಲ್ಲ. ಬೀದಿನಾಯಿಗಳಿಗೆ ಊಟ ಹಾಕುವ ಹುಡುಗರು ಹಿಡಿದು ಪಶುವೈದ್ಯರ ಹತ್ತಿರ ಒಯ್ದರು. ವಾಸಿಯಾಗುವ ಕಾಯಿಲೆ, ಆದರೆ ವಾರಕ್ಕೊಂದರಂತೆ ಒಂದೂವರೆ ಎರಡು ತಿಂಗಳು ಇಂಜೆಕ್ಷನ್ ಕೊಡಬೇಕು, ಅಲ್ಲಿವರೆಗೆ ಬೇರೆ ನಾಯಿಗಳ ಜೊತೆ ಬಿಡುವಂತಿಲ್ಲ ಅಂದರು ಡಾಕ್ಟರು. ಹುಡುಗರ ಹತ್ತಿರ ದುಡ್ಡು ಕೂಡಿತ್ತು, ಜಾಗ ಇರಲಿಲ್ಲ. ನಮ್ಮಲ್ಲಿ ಜಾಗ ಇತ್ತು. ಫಾಸ್ಟರ್ ಅಂದರೆ ಇಷ್ಟೇ: ಸಾಕಿಕೊಳ್ಳುವುದಲ್ಲ, ಗುಣವಾಗೋ ತನಕ ಇರಿಸಿಕೊಳ್ಳುವುದು.

ಕಾಯಿಲೆಯ ಹೆಸರು ಟಿವಿಟಿ. ನಾಯಿಯಿಂದ ನಾಯಿಗೆ, ಹೆಚ್ಚಾಗಿ ಕೂಡುವಾಗ ಹರಡುವ ಗಡ್ಡೆ. ನೋಡೋಕೆ ಹೂಕೋಸಿನ ಚೂರಿನ ಹಾಗೆ, ಕೆಂಪಗೆ, ಮುಟ್ಟಿದರೆ ರಕ್ತ. ಡಾಕ್ಟರು ಒಂದು ಗಾಜಿನ ಪಟ್ಟಿಯನ್ನು ಗಡ್ಡೆಗೆ ಮೆತ್ತಗೆ ಒತ್ತಿ ತೆಗೆದರು. ಒಣಗಿಸಿ, ನೀಲಿ ಬಣ್ಣ ಹಾಕಿ, ತೊಳೆದು, ಮೈಕ್ರೋಸ್ಕೋಪಿನಡಿ ಇಟ್ಟು "ಬರ್ರಿ, ನೋಡ್ರಿ" ಅಂದರು. ದುಂಡು ದುಂಡು ಕೋಶಗಳು, ಒಂದರ ಪಕ್ಕ ಒಂದು. ಪ್ರತಿ ಕೋಶದ ಅಂಚಿನಲ್ಲಿ ಸಾಲಾಗಿ ಸಣ್ಣ ಬಿಳಿ ಗುಳ್ಳೆಗಳು. ಹಂಚಿನ ಮೇಲಿನ ಜೋಳದ ರೊಟ್ಟಿಗೆ ಏಳುತ್ತವಲ್ಲ, ಆ ಥರ. ಆ ಗುಳ್ಳೆ ಕಂಡರೆ ಟಿವಿಟಿ ಅಂತ ಹೆಚ್ಚುಕಡಿಮೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ. "ಇವು ಈ ನಾಯಿ ಕೋಶಗಳಲ್ರಿ."

ಮಾಮೂಲಿ ಕ್ಯಾನ್ಸರ್ ಅಂದರೆ ನಮ್ಮದೇ ಒಂದು ಕೋಶ ದಾರಿ ತಪ್ಪಿ ಬೆಳೆಯುವುದು. ಅದು ನಮ್ಮ ಮೈಯಲ್ಲೇ ಹುಟ್ಟುತ್ತದೆ, ನಮ್ಮ ಜೊತೆಗೇ ಹೋಗುತ್ತದೆ. ಇನ್ನೊಬ್ಬರಿಗೆ ದಾಟುವುದಿಲ್ಲ. ಕೆಲವು ಕ್ಯಾನ್ಸರುಗಳಿಗೆ ವೈರಸ್ ಕಾರಣ, ನಿಜ. ಆದರೆ ಅಲ್ಲೂ ದಾಟುವುದು ವೈರಸ್, ಕ್ಯಾನ್ಸರ್ ಅಲ್ಲ. ಟಿವಿಟಿ ಹಾಗಲ್ಲ. ಇಲ್ಲಿ ಗಡ್ಡೆಯ ಕೋಶಗಳೇ ಒಂದು ನಾಯಿಯಿಂದ ಉದುರಿ ಇನ್ನೊಂದಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಮಾವಿಗೆ ಕಸಿ ಕಟ್ಟುತ್ತೇವಲ್ಲ, ಅದೇ ಲೆಕ್ಕ. ಟೊಂಗೆ ಒಂದು ಮರದ್ದು, ಬೇರು ಇನ್ನೊಂದರದ್ದು.

ಇದರ ಸುಳಿವು ಸಿಕ್ಕಿದ್ದು ತೀರಾ ಹಿಂದೆ. 1876ರಲ್ಲಿ ರಷ್ಯಾದ ಪಶುವೈದ್ಯ ನೊವಿನ್ಸ್ಕಿ ಈ ಗಡ್ಡೆಯ ಚೂರನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಕಸಿ ಮಾಡಿ ಬೆಳೆಸಿ ತೋರಿಸಿದ. ಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರುವ ಕ್ರೋಮೋಸೋಮುಗಳನ್ನು ಎಣಿಸಿದಾಗ ಅನುಮಾನ ಇನ್ನೂ ಬಲವಾಯ್ತು. ನಾಯಿಯ ಕೋಶದಲ್ಲಿ 78 ಕ್ರೋಮೋಸೋಮ್ ಇರಬೇಕು. ಈ ಗಡ್ಡೆಯಲ್ಲಿ ಅರವತ್ತರ ಆಸುಪಾಸು ಮಾತ್ರ. ಅದೂ ಯಾವ ದೇಶದ ನಾಯಿಯದನ್ನು ತೆಗೆದರೂ ಹಾಗೇ. ಕೊನೆಗೆ 2006ರಲ್ಲಿ ಲಂಡನ್ನಿನ ರಾಬಿನ್ ವೈಸ್ ಅವರ ತಂಡ ಡಿಎನ್‌ಎ ಹೋಲಿಸಿ ನೋಡಿತು. ಗಡ್ಡೆಯ ಡಿಎನ್‌ಎ ಅದನ್ನು ಹೊತ್ತ ನಾಯಿಯ ಡಿಎನ್‌ಎಗೆ ತಾಳೆಯಾಗಲಿಲ್ಲ. ಬೇರೆ ಬೇರೆ ದೇಶಗಳ ಗಡ್ಡೆಗಳು ಮಾತ್ರ ಒಂದಕ್ಕೊಂದು ತಾಳೆಯಾದವು. ಅಂದರೆ ಇವೆಲ್ಲ ಎಂದೋ ಬದುಕಿದ್ದ ಒಂದೇ ಒಂದು ನಾಯಿಯ ಕೋಶದ ಸಂತಾನ.

ಎಂದೋ ಅಂದರೆ ಎಂದು? ಮೊದಲು 11 ಸಾವಿರ ವರ್ಷ ಅಂದಿದ್ದರು. 2019ರಲ್ಲಿ 43 ದೇಶಗಳ 546 ಗಡ್ಡೆಗಳನ್ನು ಓದಿದ ಮೇಲೆ ಲೆಕ್ಕ ತಿದ್ದಿದರು: 4000ದಿಂದ 8500 ವರ್ಷ ಹಿಂದೆ, ಏಷ್ಯಾದಲ್ಲಿ. ಬಸವಣ್ಣ, ಬಹಮನಿಗಳು, ರಾಷ್ಟ್ರಕೂಟರು, ಅಶೋಕ ಎಲ್ಲರನ್ನೂ ದಾಟಿ ಹಿಂದೆ ಹೋದರೆ ಸಿಗುವ ನಾಯಿ ಅದು. ಸತ್ತು ಮಣ್ಣಾಗಿ ಎಷ್ಟೋ ಸಾವಿರ ವರ್ಷವಾದರೂ ಅದರ ಒಂದು ತುಣುಕು ಮಾತ್ರ ನಾಯಿಯಿಂದ ನಾಯಿಗೆ ಜಿಗಿಯುತ್ತಾ ಸೇಡಂ ರಸ್ತೆಯ ಟೈರುಗಳವರೆಗೆ ಬಂದಿದೆ. ಈ ಕೋಶಗಳ ಡಿಎನ್‌ಎಯಿಂದ ಆ ಮೊದಲ ನಾಯಿಯ ಚಹರೆಯನ್ನೂ ಸ್ವಲ್ಪ ಊಹಿಸಿದ್ದಾರೆ. ಗಾತ್ರ ಮಧ್ಯಮ ಅಥವಾ ತುಸು ದೊಡ್ಡದು, ಮೈ ಕಪ್ಪು ಇಲ್ಲವೇ ಬೂದು ಕಂದು.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ಯುರೋಪಿನವರು ಹೋಗುವ ಮೊದಲು ಅಮೆರಿಕದಲ್ಲಿ ಅಲ್ಲಿನದೇ ನಾಯಿಗಳಿದ್ದವು. ಅವು ಹೆಚ್ಚುಕಡಿಮೆ ಪೂರ್ತಿ ಅಳಿದವು. 2018ರಲ್ಲಿ ಅವುಗಳ ಹಳೇ ಮೂಳೆಗಳ ಡಿಎನ್‌ಎ ಓದಿ, ಇವತ್ತು ಬದುಕಿರುವ ಯಾವ ಜೀವ ಅವಕ್ಕೆ ಎಲ್ಲಕ್ಕಿಂತ ಹತ್ತಿರದ ನೆಂಟ ಅಂತ ಹುಡುಕಿದರು. ಸಿಕ್ಕಿದ್ದು ಯಾವ ನಾಯಿಯೂ ಅಲ್ಲ, ಈ ಗಡ್ಡೆ. ಅವ್ವನಿಗೆ ಇದನ್ನೆಲ್ಲ ಹೇಳಿದೆ. "ಅಷ್ಟು ಹಳೇದಾದ್ರ ಮ್ಯೂಸಿಯಮ್ಮಿಗಿ ಕೊಡು, ನನ್ನ ಪಡಸಾಲ್ಯಾಗ ಯಾಕ?" ಅಂದಳು.

ಬಿಸಿಲಿನ ಸಂಗತಿಯೂ ಒಂದಿದೆ. ಗಡ್ಡೆ ಮೈ ಹೊರಗೆ ಇಣುಕುವುದರಿಂದ ಬಿಸಿಲು ಬೀಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎ ಮೇಲೆ ತನ್ನದೇ ಥರದ ಗಾಯ ಮಾಡುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಊರುಗಳ ಗಡ್ಡೆಗಳಲ್ಲಿ ಆ ಗಾಯದ ಗುರುತು ಜಾಸ್ತಿ. ನಮ್ಮ ಕಡೆಯ ಬಿಸಿಲು ಅದರಲ್ಲಿ ಏನೇನು ಬರೆದಿದೆಯೋ!

ಸರಿ, ಪರಕೀಯ ಕೋಶ ಒಳಗೆ ಬಂದರೆ ನಾಯಿಯ ಮೈ ಸುಮ್ಮನಿರುತ್ತದಾ? ಕಿಡ್ನಿ ಕಸಿ ಮಾಡಿಸಿಕೊಂಡವರು ಜೀವನಪೂರ್ತಿ ಮಾತ್ರೆ ನುಂಗುವುದು ಮೈ ಆ ಕಿಡ್ನಿಯನ್ನು ಒದ್ದೋಡಿಸದಿರಲಿ ಅಂತಲೇ. ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ಹೊರಮೈಯಲ್ಲಿ ಒಂದು ಗುರುತಿನ ಚೀಟಿ ತೂಗುಹಾಕಿಕೊಂಡಿರುತ್ತದೆ. ರೋಗನಿರೋಧಕ ಕೋಶಗಳು ಕಾವಲುಗಾರರ ಹಾಗೆ ಚೀಟಿ ನೋಡುತ್ತಾ ತಿರುಗುತ್ತವೆ. ಟಿವಿಟಿ ಕೋಶ ಬೆಳೆಯುವ ಹೊತ್ತಿನಲ್ಲಿ ಚೀಟಿಯನ್ನೇ ಒಳಗೆ ಇಟ್ಟುಬಿಡುತ್ತದೆ. ಜೊತೆಗೆ ಕಾವಲುಗಾರರಿಗೆ ಮಂಕು ಹಿಡಿಸುವ ರಸಾಯನವನ್ನೂ ಸುರಿಸುತ್ತದೆ. ಆದರೂ ಎಲ್ಲ ಸಲ ಗೆಲ್ಲುವುದಿಲ್ಲ. ಗಟ್ಟಿ ಮೈಯ ಕೆಲವು ನಾಯಿಗಳಲ್ಲಿ ಗಡ್ಡೆ ತಾನಾಗಿ ಕರಗಿದ್ದೂ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಡೆವಿಲ್ ಅನ್ನುವ ಪ್ರಾಣಿಗೂ ಹೀಗೇ ಕಚ್ಚಿದರೆ ಹರಡುವ ಮುಖದ ಕ್ಯಾನ್ಸರ್ ಇದೆ. ಅದು ಮೊದಲು ಕಂಡದ್ದು 1996ರಲ್ಲಿ. ಅವು ಗುಂಪುಗುಂಪಾಗಿ ಸತ್ತವು. ನಾಯಿಗಳು ಸಾವಿರಾರು ವರ್ಷ ಇದರ ಜೊತೆ ಏಗಿ ಏಗಿ ಒಂದು ರಾಜಿಗೆ ಬಂದ ಹಾಗಿದೆ.

ಈಗ ಔಷಧದ ಮಾತು. ಇಂಜೆಕ್ಷನ್ನಿನ ಹೆಸರು ವಿನ್‌ಕ್ರಿಸ್ಟಿನ್. ಬರುವುದು ನಿತ್ಯಪುಷ್ಪದ ಗಿಡದಿಂದ. ಕಾಶಿ ಕಣಗಿಲೆ ಅಂತಲೂ ಕರೆಯುತ್ತಾರೆ. ಗುಲಾಬಿ ಬಣ್ಣದ ಐದು ಎಸಳು, ನೀರು ಹಾಕದಿದ್ದರೂ ಬದುಕುವ ಗಿಡ. ನಮ್ಮ ಮನೆ ಮುಂದಿನ ಡಬ್ಬಿಯಲ್ಲೇ ಇದೆ. ಕೆನಡಾದ ರಾಬರ್ಟ್ ನೋಬಲ್ ಅವರಿಗೆ 1952ರಲ್ಲಿ ಅಣ್ಣನ ಮೂಲಕ ಒಂದು ಲಕೋಟೆ ಸಿಕ್ಕಿತು. ಒಳಗೆ ಜಮೈಕಾದಿಂದ ಬಂದ ಈ ಗಿಡದ ಎಲೆಗಳು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರಂತೆ. ನೋಬಲ್ ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದವು. ಬೇರೆ ಯಾರಾದರೂ ಆಗಿದ್ದರೆ ಲಕೋಟೆ ಎಸೆದುಬಿಡುತ್ತಿದ್ದರೇನೋ. ಇವರು ಉಲ್ಟಾ ಯೋಚಿಸಿದರು: ಬಿಳಿ ರಕ್ತಕಣ ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದನ್ನೇ ಕೊಟ್ಟರೆ? 1958ರಲ್ಲಿ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಲೆಯಿಂದ ವಿನ್‌ಬ್ಲಾಸ್ಟಿನ್ ತೆಗೆದರು. ಅದರ ತಮ್ಮನಂಥ ವಿನ್‌ಕ್ರಿಸ್ಟಿನ್ನಿಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಅದೂ ಒಂದು.

ಕೋಶ ಒಂದು ಎರಡಾಗುವಾಗ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯಲು ಒಳಗೆ ಹಗ್ಗ ಹೊಸೆಯುತ್ತದೆ. ವಿನ್‌ಕ್ರಿಸ್ಟಿನ್ ಹೋಗಿ ಎಳೆಗಳನ್ನು ಹಿಡಿದುಕೊಂಡುಬಿಡುತ್ತದೆ, ಹೊಸೆಯಲು ಬಿಡುವುದಿಲ್ಲ. ಎಳೆಯಲಾಗದೆ ನಡುವೆ ಸಿಕ್ಕಿಕೊಂಡ ಕೋಶ ಸಾಯುತ್ತದೆ. ಟಿವಿಟಿಯಲ್ಲಿ ಇದರ ಜೊತೆ ಇನ್ನೊಂದು ಲಾಭ. ಒಂದಷ್ಟು ಕೋಶ ಸತ್ತ ಕೂಡಲೇ ಮಂಕು ಹಿಡಿದಿದ್ದ ಕಾವಲುಗಾರರು ಎಚ್ಚರವಾಗಿ ಗಡ್ಡೆಯೊಳಕ್ಕೆ ನುಗ್ಗುತ್ತಾರೆ. ಉಳಿದ ಕೆಲಸ ಜಾಸ್ತಿ ಅವರದೇ. ಅದಕ್ಕೇ ನೋಡಲು ಇಷ್ಟು ಘೋರವಾದ ಈ ಕ್ಯಾನ್ಸರಿನಲ್ಲಿ ಹತ್ತರಲ್ಲಿ ಒಂಬತ್ತು ನಾಯಿಗಳು ಪೂರ್ತಿ ಗುಣವಾಗುತ್ತವೆ. ಬೀದಿಯಲ್ಲಿ ರಕ್ತ ಸೋರುವ ನಾಯಿ ಕಂಡು "ಇದರ ಕತೆ ಮುಗೀತು" ಅಂತ ದಾಟಿ ಹೋಗುವವರಿಗೆ, ಮೊದಲು ನಾನೂ ಅವರಲ್ಲೊಬ್ಬ, ಈ ಅಂಕಿ ಗೊತ್ತಿರುವುದಿಲ್ಲ.

ಶೇಂಗಾದ ತೂಕ 14 ಕೆಜಿ. ಅದಕ್ಕೆ ಬೇಕಾದದ್ದು 0.35 ಮಿಲಿಗ್ರಾಂ. ಸಿರಿಂಜಿನಲ್ಲಿ ಒಂದು ಮಿಲಿಯ ಮೂರನೇ ಒಂದು ಭಾಗ, ಕಣ್ಣೀರಿನಷ್ಟು. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ಸುಮಾರು 500 ಕೆಜಿ ಒಣಎಲೆ ಬೇಕು. ಅಂದರೆ ನಮ್ಮ ನಾಯಿಯ ಒಂದು ಇಂಜೆಕ್ಷನ್ನಿಗೆ ಹತ್ತತ್ತಿರ 175 ಗ್ರಾಂ ಒಣಎಲೆ. ಪಕ್ಕದ ಮನೆಯವರು ಇದನ್ನು ಕೇಳಿ, "ಹಂಗಾದ್ರ ಎಲಿ ಅರದು ಕುಡಸ್ರಿ, ರೊಕ್ಕ ಉಳೀತದ" ಅಂದರು. ದಯವಿಟ್ಟು ಬೇಡ. ಆ ಎಲೆಯಲ್ಲಿ ಇನ್ನೂ ಹತ್ತಾರು ಆಲ್ಕಲಾಯ್ಡುಗಳಿವೆ (ಗಿಡದ ಕಟುವಾದ ರಾಸಾಯನಿಕಗಳು), ವಿಷವೂ ಹೌದು. ಔಷಧ ಕೂಡ ರಕ್ತನಾಳದೊಳಗೇ ಹೋಗಬೇಕು. ಹನಿ ಹೊರಗೆ ಸೋರಿದರೂ ಅಲ್ಲಿನ ಚರ್ಮ ಮಾಂಸ ಕೊಳೆಯುತ್ತದೆ. ಹಾಗಾಗಿ ಇಂಜೆಕ್ಷನ್ ದಿನ ನನ್ನ ಕೆಲಸ ಒಂದೇ, ಶೇಂಗಾ ಕಾಲು ಅಲುಗಿಸದ ಹಾಗೆ ತಬ್ಬಿ ಹಿಡಿಯುವುದು. ನಮ್ಮ ಡಾಕ್ಟರು ಓದಿದ್ದು ಬೀದರಿನಲ್ಲಿ. ಸೂಜಿ ಸರಿಯಾಗಿ ನಾಳದೊಳಗಿದೆಯಾ ಅಂತ ಮೊದಲು ಸಲೈನ್ ಬಿಟ್ಟು ನೋಡಿ, ಆಮೇಲೆ ಔಷಧ ಬಿಡುತ್ತಿದ್ದರು.

ಮನೆಯಲ್ಲಿ ಉಳಿದ ಕೆಲಸ ದೊಡ್ಡದೇನಲ್ಲ. ಇಂಜೆಕ್ಷನ್ ಆದ ಎರಡು ಮೂರು ದಿನ ಉಚ್ಚೆ, ಕಕ್ಕ ಬಳಿಯುವಾಗ ಕೈಗವಸು, ಯಾಕೆಂದರೆ ಔಷಧ ಅದರಲ್ಲೇ ಹೊರಗೆ ಹೋಗುತ್ತದೆ. ಮರುದಿನ ಊಟ ಸೇರುತ್ತಿರಲಿಲ್ಲ, ರೊಟ್ಟಿ ಮೂಸಿ ಮುಖ ತಿರುಗಿಸುತ್ತಿತ್ತು. ಬೇಯಿಸಿದ ತತ್ತಿ ಮಾತ್ರ ಬಿಡುತ್ತಿರಲಿಲ್ಲ. ಉಳ್ಳಾಗಡ್ಡಿ ಹಾಕಿದ ಬ್ಯಾಳಿ ಮಾತ್ರ ಕೊಡಲೇಬೇಡಿ. ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಅದೊಂದು ಬಾಕಿ ಬೇರೆ. ಟಿವಿಟಿ ಮನುಷ್ಯರಿಗೆ ಬರುವುದಿಲ್ಲ. ಆದರೆ ಬೀದಿನಾಯಿ ಮನೆಗೆ ತರುವವರು ರೇಬಿಸ್ ಲಸಿಕೆ ಮೊದಲೇ ಹಾಕಿಸಿಕೊಂಡಿರಬೇಕು. ನಾನು ಹಾಕಿಸಿಕೊಂಡಿದ್ದೆ.

ಎರಡನೇ ಇಂಜೆಕ್ಷನ್ನಿಗೆ ಫರಸಿ ಮೇಲಿನ ಹನಿ ನಿಂತವು. ಮೂರನೇ ವಾರ ಹೋದಾಗ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. ಬಿಳಿ ರಕ್ತಕಣ 3600. ಕನಿಷ್ಠ ನಾಲ್ಕು ಸಾವಿರ ಇಲ್ಲದೆ ಅವರು ಔಷಧ ಕೊಡುವುದಿಲ್ಲ. "ಮುಂದಿನ ವಾರ ಬರ್ರಿ." ವಾಪಸ್ ಆಟೋದಲ್ಲಿ ಬೇಜಾರಾಗಿ ಕೂತಿದ್ದಾಗ ಹೊಳೆಯಿತು, ನೋಬಲ್ ಅವರ ಇಲಿಗಳಲ್ಲಿ ಕಂಡದ್ದೂ ಇದೇ ಅಲ್ವಾ? ಮೂಳೆಯ ಮಜ್ಜೆಯಲ್ಲೂ ಕೋಶಗಳು ಬಿಡುವಿಲ್ಲದೆ ಎರಡಾಗುತ್ತಿರುತ್ತವೆ. ಅಲ್ಲೂ ಹಗ್ಗ ಹೊಸೆಯುವುದು ನಿಲ್ಲುತ್ತದೆ. ಅವತ್ತು ಆ ಔಷಧವನ್ನು ಕಂಡುಹಿಡಿಸಿದ್ದೇ ಇವತ್ತು ನಮ್ಮನ್ನು ಮನೆಗೆ ಕಳಿಸಿತ್ತು.

ನಾಲ್ಕನೆಯದರ ಹೊತ್ತಿಗೆ ನಾನೇ ಒಂದು ತಪ್ಪು ಮಾಡಿದೆ. ಗಡ್ಡೆ ಕಣ್ಣಿಗೆ ಕಾಣದಷ್ಟು ಕರಗಿತ್ತು. ಚಿಂಚೋಳಿಯಲ್ಲಿ ಮದುವೆ ಇತ್ತು. ನಾಲ್ಕು ದಿನ ತಡವಾದರೆ ಏನಾದೀತು ಅಂತ ಹೋದೆ. ಬಂದ ಮೇಲೆ ಬೈಗುಳ ತಿಂದೆ. ಅರ್ಧಕ್ಕೆ ಬಿಟ್ಟರೆ ಉಳಿದ ಕೋಶಗಳು ಔಷಧಕ್ಕೆ ಜಗ್ಗದ ಹಾಗೆ ತಿರುಗಿ ಬೆಳೆಯಬಹುದು. ಹಾಗಾದರೆ ಮುಂದಿನ ಔಷಧ ಇದಕ್ಕಿಂತ ದುಬಾರಿ, ಹೃದಯಕ್ಕೂ ಭಾರ. ಆಮೇಲೆ ಕ್ಯಾಲೆಂಡರಿನಲ್ಲಿ ಅವ್ವನೇ ಗುರುವಾರಗಳಿಗೆ ಅರಿಶಿನದ ಚುಕ್ಕೆ ಇಡತೊಡಗಿದಳು.

ಆರನೇ ಇಂಜೆಕ್ಷನ್ ಆಗಿ ಎರಡು ವಾರಕ್ಕೆ ಮತ್ತೆ ಗಾಜಿನ ಪಟ್ಟಿ ಒತ್ತಿದರು, ಬಣ್ಣ ಹಾಕಿದರು. ಈ ಸಲ ನನ್ನ ಜೊತೆ ಅವ್ವನೂ ಬಂದಿದ್ದಳು. ಚಸ್ಮಾ ತೆಗೆದು, ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿಗೆ ಬಾಗಿದಳು. ಚಪ್ಪಟೆ ಚಪ್ಪಟೆ ಮಾಮೂಲಿ ಕೋಶಗಳು. ರೊಟ್ಟಿಯ ಗುಳ್ಳೆ ಒಂದೂ ಇಲ್ಲ.

"ಇವು ಯಾರವ?" ಅಂದಳು.

"ಇದರವೇ" ಅಂದರು ಡಾಕ್ಟರು, ಮೇಜಿನ ಕೆಳಗೆ ಅವ್ವನ ಸೆರಗಿನ ತುದಿ ಜಗಿಯುತ್ತಾ ಮಲಗಿದ್ದ ಶೇಂಗಾ ಕಡೆ ಕೈ ತೋರಿಸಿ.