ಲ್ಯಾಂಕಾಶೈರ್ ಬಾವುಟ ಹಳದಿ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಲ್ಯಾಂಕಾಶೈರ್ ಕೌಂಟಿಯ (ನಮ್ಮ ಜಿಲ್ಲೆಯಂಥ ಪ್ರದೇಶ) ಗುರುತು ಬಿಳಿಯ ಮೇಲೆ ಕೆಂಪು ಗುಲಾಬಿ ಎಂದೇ ನಂಬಿದ್ದೆ. ಆದರೆ ಕೌಂಟಿಯ ಬಾವುಟ ಹಳದಿ ಅಂತಾರಲ್ಲ, ಯಾವುದು ಸರಿ?

ನೋಂದಣಿಯಾಗಿರುವುದು ಹಳದಿಯೇ. ಹಾಗಂತ ಬಿಳಿ ಬಾವುಟ ಸುಳ್ಳಲ್ಲ. ಜನ ಅದನ್ನು ಬಹಳ ಕಾಲದಿಂದ ಹಾರಿಸುತ್ತ ಬಂದಿದ್ದಾರೆ, ಈಗಲೂ ಹಾರಿಸುತ್ತಾರೆ. ಅದನ್ನು ನೋಂದಾಯಿಸಲು ಹೊರಟಾಗ ಮಾತ್ರ ತೊಡಕು ಎದುರಾಯಿತು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಮಾಂಟ್ರೋಸ್ ಎಂಬ ಪಟ್ಟಣ ಅದೇ ಬಾವುಟವನ್ನು ಎಷ್ಟೋ ಹಿಂದೆಯೇ ತನ್ನ ಹೆಸರಿಗೆ ಮಾಡಿಸಿಕೊಂಡಿತ್ತು. ‘ಸಮುದ್ರ ಸಿರಿ ಕೊಡುತ್ತದೆ, ಗುಲಾಬಿ ಶೋಭೆ ಕೊಡುತ್ತದೆ’ ಎನ್ನುವುದು ಆ ಊರಿನ ಧ್ಯೇಯವಾಕ್ಯ. ಬ್ರಿಟನ್ನಿನ ಬಾವುಟಗಳ ಪಟ್ಟಿ ಇಡುವ ಫ್ಲ್ಯಾಗ್ ಇನ್‌ಸ್ಟಿಟ್ಯೂಟ್ ಒಂದೇ ವಿನ್ಯಾಸವನ್ನು ಇಬ್ಬರ ಹೆಸರಿಗೆ ಬರೆಯುವುದಿಲ್ಲ.

ಆಗ ‘ಫ್ರೆಂಡ್ಸ್ ಆಫ್ ರಿಯಲ್ ಲ್ಯಾಂಕಾಶೈರ್’ ಬಳಗ ಗುಲಾಬಿಯನ್ನು ಹಾಗೇ ಉಳಿಸಿಕೊಂಡು ಹಿನ್ನೆಲೆಯ ಬಣ್ಣವನ್ನು ಬದಲಿಸಿತು. 2008ರ ನವೆಂಬರ್ 29ರಂದು ಹಳದಿ ಬಾವುಟ ನೋಂದಣಿಯಾಯಿತು. ಬಿಳಿ ಸಿಗಲಿಲ್ಲವೆಂದು ಕೈಗೆ ಸಿಕ್ಕ ಬಣ್ಣ ಬಳಿದರು ಎಂದುಕೊಳ್ಳಬೇಡಿ. 1903ರಲ್ಲಿ ಕೌಂಟಿ ಕೌನ್ಸಿಲ್‌ಗೆ ಸಿಕ್ಕ ಲಾಂಛನವನ್ನು ಹತ್ತಿರದಿಂದ ನೋಡಿ: ಕೆಂಪು ಗುರಾಣಿಯ ಮೇಲೆ ಮೂರು ಚಿನ್ನದ ಬಣ್ಣದ ಮೊನೆಗಳು, ಒಂದೊಂದರ ಮೇಲೂ ಒಂದು ಕೆಂಪು ಗುಲಾಬಿ. ಬಾವುಟಗಳ ಲೆಕ್ಕದಲ್ಲಿ ಚಿನ್ನವೆಂದರೆ ಹಳದಿಯೇ. ಆದ್ದರಿಂದ ಈ ಜೋಡಿ ಕೌಂಟಿಗೆ ಹೊಸದಲ್ಲ. ನನ್ನ ಕಣ್ಣಿಗಂತೂ ಮೋಡ ಕವಿದ ಲ್ಯಾಂಕಾಶೈರ್ ಆಕಾಶದಡಿ ಬಿಳಿಗಿಂತ ಹಳದಿಯೇ ಎದ್ದು ಕಾಣುತ್ತದೆ.

ಗುಲಾಬಿಯ ಕಥೆ ಇನ್ನೂ ಹಳೆಯದು. ನಮ್ಮ ಹೂವಿನಂಗಡಿಯ ದಟ್ಟ ಎಸಳಿನ ಗುಲಾಬಿ ಇದಲ್ಲ. ಬೇಲಿಯ ಕಾಡುಗುಲಾಬಿಯ ಹಾಗೆ ಬಿಡಿಯಾಗಿ ಅರಳಿದ ಐದೆಸಳಿನ ಹೂವು. ಇದು ಲ್ಯಾಂಕಾಸ್ಟರ್ ರಾಜಮನೆತನದ ಗುರುತು. 1267ರಲ್ಲಿ ಲ್ಯಾಂಕಾಸ್ಟರ್‌ನ ಅರ್ಲ್ ಎಂಬ ಪದವಿ ಪಡೆದ ಎಡ್ಮಂಡ್‌ನಿಂದ ಬಂತೆಂಬ ನಂಬಿಕೆ ಇದೆ. ಆದರೆ ಈ ಹೂವಿಗೆ ದೊಡ್ಡ ಹೆಸರು ತಂದವನು ಇಂಗ್ಲೆಂಡಿನ ರಾಜ ಏಳನೇ ಹೆನ್ರಿ. 1485ರಲ್ಲಿ ಬಾಸ್ವರ್ತ್ ಕದನ ಗೆದ್ದು, ಮರುವರ್ಷ ಯಾರ್ಕ್ ಮನೆತನದ ಎಲಿಜಬೆತ್‌ಳನ್ನು ಮದುವೆಯಾಗಿ, ಅವಳ ಕಡೆಯ ಬಿಳಿ ಗುಲಾಬಿಯನ್ನೂ ತನ್ನ ಕಡೆಯ ಕೆಂಪನ್ನೂ ಕೂಡಿಸಿ ಟ್ಯೂಡರ್ ಗುಲಾಬಿ ಮಾಡಿದ.

ಲ್ಯಾಂಕಾಶೈರ್ ಮತ್ತು ಯಾರ್ಕ್‌ಶೈರ್ ನಡುವಿನ ಕ್ರಿಕೆಟ್ ಪಂದ್ಯವನ್ನು ‘ರೋಸಸ್’ ಪಂದ್ಯ ಎನ್ನುವುದರಿಂದ, ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ಹಿಂದಿನ ‘ಗುಲಾಬಿಗಳ ಯುದ್ಧ’ವೂ ಈ ಎರಡು ಕೌಂಟಿಗಳದೇ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ಸಿಂಹಾಸನಕ್ಕಾಗಿ ಒಂದೇ ವಂಶದ ಎರಡು ಕವಲುಗಳು ನಡೆಸಿದ ಜಗಳ. ಎರಡೂ ಪಕ್ಷಗಳಿಗೆ ಇಂಗ್ಲೆಂಡಿನ ಮೂಲೆಮೂಲೆಯಲ್ಲೂ ಬೆಂಬಲಿಗರಿದ್ದರು.

ಇನ್ನೊಂದು ಮಾತು ಹೇಳಲೇಬೇಕು. 1974ರ ಏಪ್ರಿಲ್ 1ರಂದು ಆಡಳಿತದ ಗಡಿ ಬದಲಾಗಿ ಮ್ಯಾಂಚೆಸ್ಟರ್, ಲಿವರ್‌ಪೂಲ್, ಉತ್ತರದ ಫರ್ನೆಸ್ ಪ್ರದೇಶ ಎಲ್ಲ ಆಡಳಿತದ ಲೆಕ್ಕದಲ್ಲಿ ಲ್ಯಾಂಕಾಶೈರ್‌ನಿಂದ ಹೊರಗೆ ಹೋದವು. ಹಳದಿ ಬಾವುಟ ಮಾತ್ರ ಕೌನ್ಸಿಲ್‌ನದಲ್ಲ, ಹಳೆಯ ಅಖಂಡ ಕೌಂಟಿಯದು. ಪ್ರತಿವರ್ಷ ನವೆಂಬರ್ 27ರ ಲ್ಯಾಂಕಾಶೈರ್ ದಿನದಂದು ಆ ಗಡಿಯೊಳಗೇ ಉಳಿದ ಪ್ರೆಸ್ಟನ್ನಿನವರಿಗೆ ಅದನ್ನು ಏರಿಸಲು ಎಷ್ಟು ಹಕ್ಕಿದೆಯೋ ಮ್ಯಾಂಚೆಸ್ಟರಿನವರಿಗೂ ಅಷ್ಟೇ ಇದೆ.