ಹಾಯಿಮೀನಿನ ವೇಗ ಮತ್ತು ಗಾಳದ ದಾರ

ಕಾಸರಗೋಡಿನ ಕನ್ನಡ ಶಾಲೆಗಳ ರಸಪ್ರಶ್ನೆಗಳಲ್ಲಿ ಕಡಲಿನ ಅತಿ ವೇಗದ ಮೀನು ಯಾವುದೆಂಬ ಪ್ರಶ್ನೆ ತಪ್ಪುವುದಿಲ್ಲ. ಹಾಯಿಮೀನು ಎಂಬ ಉತ್ತರಕ್ಕೆ ನನ್ನ ತಕರಾರಿಲ್ಲ. ಅದರ ವೇಗ ಗಂಟೆಗೆ 110 ಕಿಲೋಮೀಟರ್ ಎನ್ನುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಮೀನುಗಾರಿಕಾ ವಿಜ್ಞಾನದವನಾದ ನಾನು ಎಷ್ಟು ಹೇಳಿದರೂ ಮುಂದಿನ ವರ್ಷ ಅದೇ ಅಂಕಿ ಬಂದು ಕೂತಿರುತ್ತದೆ.

ಆ ಅಂಕಿ ಬಂದದ್ದು ಫ್ಲೋರಿಡಾದ ಲಾಂಗ್ ಕೀ ಎಂಬಲ್ಲಿದ್ದ ಹವ್ಯಾಸಿ ಗಾಳಗಾರರ ಶಿಬಿರದಿಂದ. ಗಾಳ ಕಚ್ಚಿದ ಹಾಯಿಮೀನೊಂದು 3 ಸೆಕೆಂಡಿನಲ್ಲಿ 91 ಮೀಟರ್ ದಾರ ಎಳೆಯಿತಂತೆ. ಇದನ್ನು ಮಂಜೇಶ್ವರ ಬಂದರಿನ ಹಿರಿಯ ಮೀನುಗಾರರೊಬ್ಬರಿಗೆ ಹೇಳಿದಾಗ ಅವರು ಬಲೆಯ ಹರಕು ಹೊಲಿಯುತ್ತಲೇ, "ಆಗ ಬೋಟು ನಿಂತಿತ್ತೋ, ಓಡುತ್ತಿತ್ತೋ ಸಾರ್?" ಎಂದರು. ಕೇಳಬೇಕಾದ ಪ್ರಶ್ನೆ ಅದೇ. ಬಿಚ್ಚಿಕೊಂಡ ದಾರದ ಉದ್ದವೆಲ್ಲ ಮೀನು ಈಜಿದ ದೂರವಲ್ಲ. ಬೋಟು ಎದುರು ದಿಕ್ಕಿಗೆ ಓಡುತ್ತಿದ್ದರೆ ಅದರ ವೇಗವೂ ದಾರಕ್ಕೆ ಸೇರುತ್ತದೆ. ಗಾಬರಿಗೊಂಡ ಮೀನು ನೀರಿನಿಂದ ಮೇಲೆ ನೆಗೆದರೆ ಅದೂ ಸೇರುತ್ತದೆ. ಬಿರುಸಾಗಿ ತಿರುಗಿದ ರಾಟೆ, ಮೀನು ನಿಧಾನಿಸಿದ ಮೇಲೂ ಒಂದಿಷ್ಟು ದಾರ ಬಿಡುತ್ತದೆ.

ಸ್ನಾಯುವಿನ ಲೆಕ್ಕವನ್ನೂ ನೋಡಿ. ಎರಡು ಮೀಟರ್ ಉದ್ದದ ಮೀನು ಬಾಲವನ್ನು ಒಮ್ಮೆ ಎಡಕ್ಕೂ ಬಲಕ್ಕೂ ಬೀಸಿದಾಗ ತನ್ನ ಮೈಯುದ್ದದಷ್ಟು ಮುಂದೆ ಹೋಯಿತೆಂದೇ ಇಟ್ಟುಕೊಳ್ಳೋಣ. ನಿಜದಲ್ಲಿ ಅಷ್ಟೂ ಹೋಗುವುದಿಲ್ಲ. 110ಕ್ಕೆ ಸೆಕೆಂಡಿಗೆ ಹದಿನೈದು ಬೀಸು ಬೇಕು. ಮೈ ದೊಡ್ಡದಾದಷ್ಟೂ ಸ್ನಾಯು ಸಂಕುಚಿಸಲು ಹೆಚ್ಚು ಸಮಯ ಬೇಕು, ಆದ್ದರಿಂದ ಇದು ಆಗದ ಮಾತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ನಾಯು ಸಂಕುಚಿಸುವ ಸಮಯವನ್ನೇ ಅಳೆದು, ಹಾಯಿಮೀನಿನ ಗರಿಷ್ಠ ವೇಗವನ್ನು ಸೆಕೆಂಡಿಗೆ ಸುಮಾರು 8.3 ಮೀಟರ್, ಅಂದರೆ ಗಂಟೆಗೆ 30 ಕಿಲೋಮೀಟರ್ ಎಂದು ಅಂದಾಜಿಸಿತು. ಇದೂ ಅಂದಾಜೇ, ಒಂದೊಂದು ಮೀನು ತುಸು ಹೆಚ್ಚು ಓಡಬಹುದು. ಆದರೂ ಆ ಅಧ್ಯಯನದಲ್ಲಿ ಹೋಲಿಸಿದ ಬರಾಕುಡಾ ಮತ್ತು ಸಣ್ಣ ಟ್ಯೂನಾಗಳಿಗಿಂತ ಹಾಯಿಮೀನೇ ಮುಂದಿತ್ತು.

ವೇಗ ಕಡಿಮೆಯೆಂದಾಗ ಮಕ್ಕಳ ಮುಖ ಬಾಡುತ್ತದೆ. ಆಗ ನಾನು ಅದರ ಬೇಟೆಯ ಕಥೆ ಹೇಳುತ್ತೇನೆ. ಬೂತಾಯಿಯಂಥ ಸಣ್ಣ ಮೀನುಗಳ ಹಿಂಡಿಗೆ ಅದು ಬಿರುಗಾಳಿಯಂತೆ ನುಗ್ಗುವುದಿಲ್ಲ. ಬೆನ್ನಿನ ಹಾಯಿಯನ್ನು ಎತ್ತಿ, ಮೈ ಹೊರಳದಂತೆ ನೋಡಿಕೊಂಡು, ಉದ್ದ ಮೂತಿಯನ್ನು ಮೆಲ್ಲನೆ ಹಿಂಡಿನೊಳಗೆ ತೂರಿಸುತ್ತದೆ. ಬಳಿಕ ಮೂತಿಯನ್ನು ಪಕ್ಕಕ್ಕೆ ಫಕ್ಕನೆ ಬೀಸುತ್ತದೆ. ಹಾಯಿಮೀನುಗಳು ಸರದಿಯಂತೆ ಹೀಗೆ ದಾಳಿ ಮಾಡುತ್ತವೆ. ಹಲವು ದಾಳಿಗಳಲ್ಲಿ ಒಂದೂ ಮೀನು ಸಿಗುವುದಿಲ್ಲ, ಆದರೆ ಗಾಯಗೊಂಡವು ಹೆಚ್ಚಿದಂತೆ ಮುಂದಿನ ಸರದಿಯವಕ್ಕೆ ಬೇಟೆ ಸುಲಭವಾಗುತ್ತದೆ.