ಒಂದೇ ಚಿತ್ರದ ಹಾಡುಗಳು ಐದಾರು ಆಲ್ಬಂಗಳಾಗಿ ಒಡೆಯುವುದೇಕೆ?

ಪ್ರಶ್ನೆ: ಮನೆಯಲ್ಲಿದ್ದ ಕ್ಯಾಸೆಟ್ ಮತ್ತು ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು, ಚಿತ್ರಕ್ಕೊಂದರಂತೆ ಫೋಲ್ಡರ್ ಮಾಡಿ ಇಟ್ಟಿದ್ದೇನೆ. ಆದರೂ ಫೋನಿನಲ್ಲಿ ಒಂದೇ ಚಿತ್ರವು ಐದಾರು ಆಲ್ಬಂಗಳಾಗಿ ಕಾಣುತ್ತದೆ. ಮದುವೆಯಲ್ಲಿ ರೆಕಾರ್ಡ್ ಮಾಡಿದ ವಾಲಗವೆಲ್ಲ ‘ಅನ್‌ನೋನ್ ಆಲ್ಬಂ’ ಎಂಬಲ್ಲಿ ರಾಶಿ ಬಿದ್ದಿದೆ. ಸರಿಪಡಿಸುವುದು ಹೇಗೆ? – ಗೋಣಿಕೊಪ್ಪಲಿನ ಓದುಗರು

ಉತ್ತರ: ಫೋಲ್ಡರ್‌ಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿದ್ದರೂ ಹೆಚ್ಚಿನ ಪ್ಲೇಯರ್‌ಗಳು ಆಲ್ಬಂ ಕಟ್ಟುವಾಗ ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಓದುವುದು ಪ್ರತಿ ಫೈಲಿನ ಒಳಗೇ ಇರುವ ‘ಟ್ಯಾಗ್’ ಎಂಬ ಬರಹವನ್ನು. ಹಾಡಿನ ಹೆಸರು, ಗಾಯಕರು, ಆಲ್ಬಂ, ವರ್ಷ, ಕ್ರಮಸಂಖ್ಯೆ ಇವೆಲ್ಲ ಅಲ್ಲಿರುತ್ತವೆ. ಎರಡು ಫೈಲುಗಳಲ್ಲಿ ಆಲ್ಬಮ್ಮನ್ನು ಗುರುತಿಸುವ ಬರಹ ಅಕ್ಷರಶಃ ಹೊಂದಿದರೆ ಪ್ಲೇಯರ್ ಅವನ್ನು ಒಂದೇ ಆಲ್ಬಮಿಗೆ ಸೇರಿಸುತ್ತದೆ, ಹೊಂದದಿದ್ದರೆ ಬೇರೆ ಮಾಡುತ್ತದೆ. ಇದು ತಿಳಿಯುವ ಮೊದಲು ನಾನೂ ಒಂದು ಇಡೀ ಭಾನುವಾರ ಫೋಲ್ಡರ್‌ಗಳನ್ನು ಅಲ್ಲಿಂದಿಲ್ಲಿಗೆ ಸಾಗಿಸುತ್ತ ಕುಳಿತಿದ್ದೆ. ಸಂಜೆ ನೋಡಿದರೆ ಫೋನಿನಲ್ಲಿ ಒಂದು ಸಾಲೂ ಕದಲಿರಲಿಲ್ಲ.

ಚಿತ್ರಗೀತೆಗಳು ಒಡೆಯುವುದಕ್ಕೆ ಮುಖ್ಯ ಕಾರಣ ನಮ್ಮ ಸಂಗೀತದ ಸ್ವರೂಪವೇ ಆಗಿದೆ. ಒಬ್ಬ ಗಾಯಕ ಅಥವಾ ಒಂದು ತಂಡ ಇಡೀ ಆಲ್ಬಮ್ಮನ್ನು ಹಾಡುತ್ತದೆ ಎಂಬ ಎಣಿಕೆಯ ಮೇಲೆ ಈ ವ್ಯವಸ್ಥೆ ಮೊದಲು ರೂಪುಗೊಂಡಿತು. 1996ರಲ್ಲಿ ಬಂದ ಐಡಿ3 ಎಂಬ ಮಾದರಿಯ ಮೊದಲ ಟ್ಯಾಗ್‌ಗೆ ಎಂಪಿ3 ಫೈಲಿನ ಕೊನೆಯಲ್ಲಿ ಇದ್ದ ಜಾಗ ಬರೇ 128 ಬೈಟ್. ಹಾಡು, ಗಾಯಕ, ಆಲ್ಬಂ ಇವುಗಳಿಗೆ ತಲಾ 30 ಅಕ್ಷರ. ನಮ್ಮಲ್ಲಾದರೋ ಒಂದೇ ಚಿತ್ರದಲ್ಲಿ ಒಂದು ಹಾಡು ಪಿ.ಬಿ. ಶ್ರೀನಿವಾಸ್ ಅವರದು, ಇನ್ನೊಂದು ಎಸ್. ಜಾನಕಿ ಅವರದು, ಮೂರನೆಯದು ಇಬ್ಬರ ಯುಗಳಗೀತೆ. ಆಲ್ಬಮ್ಮಿನ ಹೆಸರಿನ ಜೊತೆಗೆ ಗಾಯಕರ ಹೆಸರನ್ನೂ ಕೂಡಿಸಿ ನೋಡುವ ಪ್ಲೇಯರಿಗೆ ಇವು ಮೂರು ಆಲ್ಬಂಗಳಾಗುತ್ತವೆ.

ಇದಕ್ಕೆಂದೇ ನಂತರದ ಟ್ಯಾಗ್‌ಗಳಲ್ಲಿ ‘ಆಲ್ಬಂ ಆರ್ಟಿಸ್ಟ್’ ಎಂಬ ಪ್ರತ್ಯೇಕ ಅಂಕಣ ಬಳಕೆಗೆ ಬಂದಿದೆ. ಗಾಯಕರ ಅಂಕಣವನ್ನು ಹಾಡಿಗೆ ತಕ್ಕಂತೆ ಹಾಗೆಯೇ ಬಿಟ್ಟು, ಈ ಅಂಕಣದಲ್ಲಿ ಮಾತ್ರ ಎಲ್ಲ ಹಾಡುಗಳಿಗೂ ಒಂದೇ ಹೆಸರನ್ನು ತುಂಬಿದರೆ ಆಲ್ಬಂ ಒಂದಾಗುತ್ತದೆ. ಯಾವ ಹೆಸರು ಎಂಬುದನ್ನು ನೀವೇ ತೀರ್ಮಾನಿಸಬೇಕು. ‘ವಿವಿಧ ಗಾಯಕರು’ ಎಂದು ಬರೆಯುವ ರೂಢಿ ಇದೆಯಾದರೂ, ಐವತ್ತು ಚಿತ್ರಗಳಾದಾಗ ಐವತ್ತೂ ಆ ಒಂದೇ ಹೆಸರಿನಡಿ ಗುಂಪುಗೂಡುವುದರಿಂದ ನನಗೆ ಅದು ಹಿಡಿಸುವುದಿಲ್ಲ. ಸಂಗೀತ ನಿರ್ದೇಶಕರ ಹೆಸರನ್ನು ಹಾಕಿದರೆ ರಾಜನ್-ನಾಗೇಂದ್ರ ಅವರ ಚಿತ್ರಗಳು ಒಂದೆಡೆ, ಜಿ.ಕೆ. ವೆಂಕಟೇಶ್ ಅವರವು ಇನ್ನೊಂದೆಡೆ ತಾವಾಗಿ ಕೂಡುತ್ತವೆ. ಕೇಳುವವರ ನೆನಪೂ ಹೆಚ್ಚಾಗಿ ಅದೇ ದಾರಿಯಲ್ಲಿ ಸಾಗುತ್ತದೆ.

ಕೆಲಸಕ್ಕೆ ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್‌ನಲ್ಲಿ ಕಿಡ್3 ಎಂಬ ಟ್ಯಾಗ್ ತಿದ್ದುವ ತಂತ್ರಾಂಶ ಸಾಕು. ಚಿತ್ರದ ಹಾಡುಗಳನ್ನೆಲ್ಲ ಒಟ್ಟಿಗೆ ಆಯ್ಕೆ ಮಾಡಿ, ಆಲ್ಬಂ ಮತ್ತು ಆಲ್ಬಂ ಆರ್ಟಿಸ್ಟ್ ಅಂಕಣಗಳನ್ನು ಒಮ್ಮೆ ತುಂಬಿ ಸೇವ್ ಮಾಡಿ. ಎಂಪಿ3ಟ್ಯಾಗ್‌ನಲ್ಲಿ ‘ಕೀಪ್’ ಎಂದು ಕಾಣುವ ಬೇರಾವ ಅಂಕಣವನ್ನೂ ಮುಟ್ಟಬೇಡಿ: ಅಲ್ಲಿ ಪ್ರತಿ ಹಾಡಿಗೂ ಬೇರೆ ಬೇರೆ ಮಾಹಿತಿ ಇದೆ, ಅದು ಇದ್ದಂತೆಯೇ ಇರಲಿ ಎಂಬುದು ಅದರ ಅರ್ಥ. ಅದರ ಮೇಲೆ ಬರೆದುಬಿಟ್ಟರೆ ಎಲ್ಲ ಹಾಡುಗಳ ಗಾಯಕರೂ ಒಬ್ಬರೇ ಆಗುತ್ತಾರೆ.

ಇಷ್ಟಾದ ಮೇಲೂ ಒಂದೆರಡು ಹಾಡುಗಳು ಹೊರಗೇ ಉಳಿದರೆ ಅಕ್ಷರಗಳನ್ನು ಅನುಮಾನಿಸಬೇಕು. ಹೆಸರಿನ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ, ಒಂದು ಕಡೆ ಅಡ್ಡಗೆರೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು, ಹಾಡನ್ನು ಇಳಿಸಿಕೊಂಡ ಜಾಲತಾಣದ ಹೆಸರು ಚಿತ್ರದ ಹೆಸರಿಗೆ ಅಂಟಿಕೊಂಡಿರುವುದು, ಇವು ಪದೇ ಪದೇ ಸಿಗುವ ದೋಷಗಳು. ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ‘ಕೊಡವ’ ಎಂಬ ಪದದ ‘ಕೊ’ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಚಿಹ್ನೆಗಳೆಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಲು ಸಾಧ್ಯ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ, ಆದರೆ ಸಂಕೇತಗಳನ್ನಷ್ಟೇ ಹೋಲಿಸುವ ಪ್ಲೇಯರಿಗೆ ಅವು ಎರಡು ಬೇರೆ ಪದಗಳು. ಕಣ್ಣಿಗೆ ಸರಿಯಾಗಿ ಕಂಡರೂ ಹೆಸರನ್ನು ಪೂರ್ತಿ ಅಳಿಸಿ, ಎಲ್ಲ ಫೈಲುಗಳನ್ನೂ ಆಯ್ದು ಒಂದೇ ಸಲ ಹೊಸದಾಗಿ ಬರೆಯುವುದೇ ಇದಕ್ಕೆ ಸುಲಭ ಪರಿಹಾರ.

ನಿಮ್ಮ ವಾಲಗದ ವಿಷಯವೇ ಬೇರೆ. ಪಿಕಾರ್ಡ್‌ನಂಥ ತಂತ್ರಾಂಶಗಳು ಹಾಡಿನ ಧ್ವನಿಯನ್ನೇ ಪರಿಶೀಲಿಸಿ, ಮ್ಯೂಸಿಕ್‌ಬ್ರೈನ್ಜ್ ಎಂಬ ಸಾರ್ವಜನಿಕ ಕೋಶದಿಂದ ಹೆಸರುಗಳನ್ನು ತಂದು ತುಂಬಬಲ್ಲವು. ಆ ಕೋಶಕ್ಕೆ ಯಾರಾದರೂ ಸೇರಿಸಿರುವ ಹಾಡಾದರೆ ಮಾತ್ರ ಇದು ಫಲಿಸುತ್ತದೆ. ನಿಮ್ಮ ಮನೆಯ ಮದುವೆಯ ಕೊಂಬು, ಕೊಟ್ಟು, ವಾಲಗವನ್ನು ಯಾವ ಕೋಶವೂ ಗುರುತಿಸಲಾರದು. ಆದ್ದರಿಂದ ಆ ಸಂದರ್ಭವನ್ನೇ ಆಲ್ಬಂ ಎಂದು ತಿಳಿದು, ಊರು ಮತ್ತು ವರ್ಷವನ್ನು ಸೇರಿಸಿ ‘ಮದುವೆ ವಾಲಗ, ಗೋಣಿಕೊಪ್ಪಲು, 2009’ ಎಂಬಂತೆ ಹೆಸರಿಡಿ. ಬರೇ ‘ವಾಲಗ’ ಎಂದಿಟ್ಟರೆ ನಾಲ್ಕು ಮದುವೆಗಳ ರೆಕಾರ್ಡಿಂಗ್ ಒಂದೇ ಆಲ್ಬಮಿನಲ್ಲಿ ಕಲೆತುಹೋಗುತ್ತದೆ. ‘ಭಕ್ತಿಗೀತೆಗಳು’ ಎಂಬ ಹೆಸರಿನ ಕ್ಯಾಸೆಟ್‌ಗಳಿಗೂ ಇದೇ ಗತಿ. ಹಾಡಿನ ಹೆಸರಿನ ಜಾಗದಲ್ಲಿ ‘ಬಾಳೆ ಕಡಿಯುವಾಗ’, ‘ಗಂಗೆಪೂಜೆ’ ಎಂದು ಬರೆಯಬಹುದು. ಆಲ್ಬಂ ಆರ್ಟಿಸ್ಟ್ ಅಂಕಣದಲ್ಲಿ ನುಡಿಸಿದವರ ಹೆಸರಿರಲಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹಾಡುಗಳಿದ್ದರೆ ‘ಹುತ್ತರಿ’ಯೋ ‘ಪುತ್ತರಿ’ಯೋ ಎಂಬುದನ್ನು ಮೊದಲೇ ನಿಶ್ಚಯಿಸಿ, ಎಲ್ಲೆಡೆ ಅದನ್ನೇ ಬಳಸಿ.

ಕ್ಯಾಸೆಟ್ಟಿನ ಎರಡು ಬದಿಗಳನ್ನು ಡಿಸ್ಕ್ 1, ಡಿಸ್ಕ್ 2 ಎಂದು ನಮೂದಿಸಿದರೆ ಹಾಡುಗಳ ಕ್ರಮ ಕೆಡುವುದಿಲ್ಲ. ರೆಕಾರ್ಡಿಂಗ್ ವೇವ್ ರೂಪದಲ್ಲಿದ್ದರೆ ಅದನ್ನು ಫ್ಲ್ಯಾಕ್ ಎಂಬ ಇನ್ನೊಂದು ಧ್ವನಿ ಫೈಲಿನ ರೂಪಕ್ಕೆ ಬದಲಿಸಿಕೊಳ್ಳಿ; ವೇವ್ ಫೈಲಿನ ಟ್ಯಾಗನ್ನು ಹಲವು ಪ್ಲೇಯರ್‌ಗಳು ಓದುವುದಿಲ್ಲ, ಫ್ಲ್ಯಾಕ್‌ನಲ್ಲಿ ಧ್ವನಿಯ ಗುಣವೂ ಕುಂದುವುದಿಲ್ಲ.

ಟ್ಯಾಗ್ ಬದಲಿಸುವುದೆಂದರೆ ಮೂಲ ಫೈಲನ್ನೇ ತಿದ್ದಿ ಬರೆಯುವುದು. ಕೆಲಸ ಆರಂಭಿಸುವ ಮುನ್ನ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಜೂನ್, ಜುಲೈ ತಿಂಗಳುಗಳ ಮಳೆಯಲ್ಲಿ ನಮ್ಮ ಕೊಡಗಿನಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆಂದು ಹೇಳಲಾಗದ ಕಾರಣ, ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್‌ನಲ್ಲೇ ಇದನ್ನು ಮಾಡುವುದು ಕ್ಷೇಮ. ತಿದ್ದಿದ ಮೇಲೂ ಫೋನ್ ಹಳೆಯ ಹೆಸರುಗಳನ್ನೇ ತೋರಿಸಿದರೆ, ಹಳೆಯ ಫೈಲುಗಳನ್ನು ಫೋನಿನಿಂದ ಅಳಿಸಿ, ಹೊಸದನ್ನು ಹಾಕಿ, ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಕಾರಿನ ಸ್ಟೀರಿಯೋದಲ್ಲಿ ಮಾತ್ರ ಕನ್ನಡದ ಬದಲು ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡದ ಅಕ್ಷರಗಳಿಲ್ಲ ಎಂದಷ್ಟೇ ಅರ್ಥ. ಅದಕ್ಕಾಗಿ ಟ್ಯಾಗ್‌ಗಳನ್ನು ಮತ್ತೆ ತಿದ್ದಲು ಹೋಗಬೇಡಿ.